ಮೊದಲು ಭಾಷೆ, ಆಮೇಲೆ ಯಂತ್ರ



ಗಣಿತವೊಂದು ಬಂದರೆ ಸಾಕು, ಇಂಜಿನಿಯರ್ ಆಗಬಹುದು ಎಂಬ ಮಾತು ಚಚಡಿಯಂಥ ನಮ್ಮ ಹಳ್ಳಿಗಳಲ್ಲಿ ಕೇಳಿಬರುತ್ತದೆ. ನಮ್ಮ ನಾಡಿನ ಶಿಕ್ಷಣದ ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ಸವದತ್ತಿ ಸೀಮೆಯ ಸಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ವಿದ್ಯೆಗಾಗಿ ಬರೆದಿಟ್ಟರು. ಹತ್ತು ವರ್ಷಗಳ ನಂತರ, 1916ರಲ್ಲಿ, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿತು. ಅದು ಮೊದಲು ತೆರೆದದ್ದು ಇಂಗ್ಲಿಷನ್ನೂ ನಾಡಭಾಷೆಯನ್ನೂ ಕಲಿಸುವ ಆಂಗ್ಲೋ-ವರ್ನಾಕ್ಯುಲರ್ ಶಾಲೆಯನ್ನು. 1933ರಲ್ಲಿ ದೇಸಾಯಿಯವರ ಹೆಸರಿನ ಲಿಂಗರಾಜ ಕಾಲೇಜು ಬಂತು. ಹುಬ್ಬಳ್ಳಿಯಲ್ಲಿ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1947ರಲ್ಲಿ.

ಭಟ್ಕಳದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ ಸ್ಥಾಪನೆಯಾದದ್ದು 1919ರಲ್ಲಿ. ಅದರ ಇಂಜಿನಿಯರಿಂಗ್ ಕಾಲೇಜು 1980ರಲ್ಲಿ. ನಡುವೆ 61 ವರ್ಷಗಳ ಅಂತರ! ಹಿರಿಯರು ಅಕ್ಷರದ ಬುನಾದಿ ಹಾಕಿದ ಮೇಲೆಯೇ ಯಂತ್ರವಿದ್ಯೆಯ ಕಟ್ಟಡ ಎದ್ದಿತು.

1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇದನ್ನು ಮರೆತಿಲ್ಲ. ಅದರ 2022ರ ಪಠ್ಯಕ್ರಮದ ಮೊದಲ ವರ್ಷದಲ್ಲೇ ಇಂಗ್ಲಿಷ್ ಸಂವಹನ ಮತ್ತು ವೃತ್ತಿಪರ ಬರವಣಿಗೆಯ ವಿಷಯಗಳಿವೆ. ಕಾರಣ ಸರಳ. ಸೇತುವೆಯ ಬಿರುಕನ್ನು ಕಂಡುಹಿಡಿದರೆ ಸಾಲದು. ಇನ್ನೊಬ್ಬರಿಗೆ ಅರ್ಥವಾಗುವಂತೆ ಅದರ ವರದಿ ಬರೆಯಬೇಕು.

ಕನ್ನಡ, ಉರ್ದು ಮಾಧ್ಯಮದಿಂದ ಬಂದ ಜಾಣ ಮಕ್ಕಳು ಮುಗ್ಗರಿಸುವುದು ಇಲ್ಲಿಯೇ. ಆದ್ದರಿಂದ ಇಂದೇ ಆರಂಭಿಸಿರಿ. ಪ್ರಯೋಗಶಾಲೆಯಲ್ಲಿ ಏನು ಮಾಡಿದಿರಿ, ಏನು ಕಂಡಿರಿ, ಅದು ಏಕೆ ಹಾಗಾಯಿತು ಎಂಬುದನ್ನು ಮೊದಲು ತಾಯ್ನುಡಿಯಲ್ಲಿ ಯೋಚಿಸಿ, ಬಳಿಕ ಇಂಗ್ಲಿಷಿನಲ್ಲಿ ಐದೇ ವಾಕ್ಯ ಬರೆಯಿರಿ. ಕಾಲೇಜು ಮುಗಿಸಿದ ಸದಸ್ಯರು ಅದನ್ನು ತಿದ್ದಿಕೊಡಲಿ. ಹಣದಾನದಷ್ಟೇ ದೊಡ್ಡದು ಈ ವಿದ್ಯಾದಾನ.