ಗೆದ್ದಲಿನ ಒಡಲೊಳಗಿನ ಜಲಜನಕ: ಒಂದು ಸಂಶೋಧನೆಯ ಚರಿತ್ರೆ

ಗೆದ್ದಲು ಮರವನ್ನು ತಿನ್ನುವುದೆಂಬುದು ಎಲ್ಲರೂ ಬಲ್ಲ ಸಂಗತಿ. ತಿಂದ ಮರವು ಅದಕ್ಕೆ ಆಹಾರವಾಗುವ ಬಗೆ ಹೇಗೆಂಬ ಪ್ರಶ್ನೆಗೆ ಸಮರ್ಪಕವಾದ ಉತ್ತರ ದೊರೆಯಲು ಮಾತ್ರ ನೂರಿಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಆ ಉತ್ತರದ ಚರಿತ್ರೆಯು ಒಂದು ಹೆಸರಿನ ತಿದ್ದುಪಡಿಯ ಚರಿತ್ರೆಯೂ ಹೌದು.

1877ರಲ್ಲಿ ಅಮೆರಿಕದ ಫಿಲಡೆಲ್ಫಿಯದ ಪ್ರಾಣಿಶಾಸ್ತ್ರಜ್ಞ ಜೋಸೆಫ್ ಲೈಡಿಯವರು ಆ ಪ್ರದೇಶದ ಸಾಮಾನ್ಯ ಗೆದ್ದಲೊಂದರ ಕರುಳನ್ನು ಬಿಡಿಸಿ ಸೂಕ್ಷ್ಮದರ್ಶಕದಡಿ ನೋಡಿದರು. ಅದರಲ್ಲಿ ಏಕಕೋಶಜೀವಿಗಳು ಕಿಕ್ಕಿರಿದಿದ್ದವು. ಮೈತುಂಬ ಕೂದಲಿನಂತಹ ಎಳೆಗಳುಳ್ಳ ಒಂದಕ್ಕೆ ಅವರು ಟ್ರೈಕೊನಿಂಫ ಎಂದು ಹೆಸರಿಟ್ಟರು. ಈ ಸಮೂಹವನ್ನೆಲ್ಲ ಅವರು ಕರೆದದ್ದು ಪರೋಪಜೀವಿಗಳೆಂದು.

ಈ ಹೆಸರನ್ನು ಮೊದಲು ಅಲುಗಿಸಿದವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಎಲ್. ಆರ್. ಕ್ಲೀವ್‌ಲೆಂಡರು. 1920ರ ದಶಕದಲ್ಲಿ ಅವರು ಗೆದ್ದಲುಗಳನ್ನು 36 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಒಂದು ದಿನ ಇರಿಸಿದರು. ಒಳಗಿನ ಏಕಕೋಶಜೀವಿಗಳು ನಾಶವಾದವು, ಗೆದ್ದಲುಗಳು ಉಳಿದುಕೊಂಡವು. ಅವು ಎಂದಿನಂತೆ ಮರವನ್ನು ತಿಂದರೂ ಕೆಲವೇ ವಾರಗಳಲ್ಲಿ ಹಸಿವಿನಿಂದ ಸತ್ತವು. ಆ ಜೀವಿಗಳನ್ನು ಮರಳಿ ಸೇರಿಸಿದಾಗಲಾದರೋ ಬದುಕಿದವು. ಪರೋಪಜೀವಿಗಳೆನಿಸಿಕೊಂಡವು ವಾಸ್ತವವಾಗಿ ಅನ್ನದಾತರಾಗಿದ್ದವು.

ಅನ್ನ ಯಾವುದೆಂಬುದನ್ನು ತೋರಿಸಿದವರು ಆರ್. ಇ. ಹಂಗೇಟ್. 1930ರ ಮತ್ತು 1940ರ ದಶಕಗಳ ಅವರ ಪ್ರಯೋಗಗಳಿಂದ, ಏಕಕೋಶಜೀವಿಗಳು ಮರದ ಸೆಲ್ಯುಲೋಸನ್ನು ಹುದುಗಿಸಿ ಅಸಿಟಿಕ್ ಆಮ್ಲ, ಇಂಗಾಲದ ಡೈ ಆಕ್ಸೈಡ್ ಮತ್ತು ಜಲಜನಕಗಳನ್ನು ಬಿಡುವುವೆಂದು ತಿಳಿಯಿತು. ಆಮ್ಲವನ್ನು ಗೆದ್ದಲು ಹೀರಿಕೊಂಡು ಶಕ್ತಿ ಪಡೆಯುತ್ತದೆ. ಹಾಗಾದರೆ ಜಲಜನಕದ ಗತಿಯೇನು? ದನದ ಹೊಟ್ಟೆಯಲ್ಲಿ ಅದರ ಬಹುಪಾಲು ಮೀಥೇನ್ ಅನಿಲವಾಗಿ, ತೇಗಿನೊಡನೆ ಹೊರಟುಹೋಗುತ್ತದೆ. ದನಕ್ಕೆ ಅದು ನಷ್ಟವೇ ಸರಿ.

ಮರ ತಿನ್ನುವ ಗೆದ್ದಲಿನ ವ್ಯವಸ್ಥೆ ಬೇರೆ. ಅದರ ಕರುಳಿನ ಬ್ಯಾಕ್ಟೀರಿಯಗಳು ಜಲಜನಕವನ್ನು ಇಂಗಾಲದ ಡೈ ಆಕ್ಸೈಡಿನೊಡನೆ ಕೂಡಿಸಿ ಮತ್ತಷ್ಟು ಅಸಿಟಿಕ್ ಆಮ್ಲವನ್ನು ರಚಿಸುವುವೆಂದು 1986ರಲ್ಲಿ ಜಾನ್ ಬ್ರೆಜ್ನಾಕ್ ಮತ್ತು ಸ್ವಿಟ್ಜರ್ ತೋರಿಸಿದರು. ಇದರ ಲೆಕ್ಕ ಸರಳವಾಗಿದೆ. ಒಂದು ಗ್ಲೂಕೋಸ್ ಅಣುವಿನಿಂದ ಎರಡು ಅಣು ಅಸಿಟಿಕ್ ಆಮ್ಲ, ಎರಡು ಅಣು ಇಂಗಾಲದ ಡೈ ಆಕ್ಸೈಡ್ ಮತ್ತು ನಾಲ್ಕು ಅಣು ಜಲಜನಕ ಹುಟ್ಟುತ್ತವೆ. ಕಡೆಯ ಎರಡು ವಸ್ತುಗಳು ಕೂಡಿದರೆ ಇನ್ನೊಂದು ಅಣು ಆಮ್ಲ ಲಭಿಸುತ್ತದೆ. ಎರಡು ಮೂರಾಯಿತು. ಗೆದ್ದಲಿನ ಆಹಾರದ ಮೂರನೆಯ ಒಂದು ಪಾಲಿನವರೆಗೂ ಹೀಗೆ ತ್ಯಾಜ್ಯದಿಂದಲೇ ಒದಗಬಲ್ಲುದು.

ಈ ಕಾರ್ಯದ ಕರ್ತೃಗಳಾರು? ಕರುಳಿನಲ್ಲಿ ಸುರುಳಿಯಾಕಾರದ ಸ್ಪೈರೊಕೀಟ್ ಬ್ಯಾಕ್ಟೀರಿಯಗಳು ಹೇರಳವಾಗಿರುವುದನ್ನು ವಿಜ್ಞಾನಿಗಳು ಶತಮಾನಕ್ಕೂ ಹಿಂದೆಯೇ ಕಂಡಿದ್ದರು. ಆದರೆ ಅವು ಪ್ರಯೋಗಶಾಲೆಯಲ್ಲಿ ಬೆಳೆಯಲೊಲ್ಲದೆ ಇದ್ದವು. 1999ರಲ್ಲಿ ಲೆಡ್‌ಬೆಟರ್, ಬ್ರೆಜ್ನಾಕ್ ಮೊದಲಾದವರು ಅಮೆರಿಕದ ಪಶ್ಚಿಮ ತೀರದ ಗೆದ್ದಲೊಂದರಿಂದ ಎರಡು ತಳಿಗಳನ್ನು ಬೇರ್ಪಡಿಸಿ ಬೆಳೆಸಿದರು. ಅವು ಜಲಜನಕದಿಂದ ಅಸಿಟಿಕ್ ಆಮ್ಲವನ್ನು ಮಾಡಿದವು. ಉಪದಂಶ ರೋಗದ ಕಾರಣದಿಂದ ಅಪಕೀರ್ತಿ ಪಡೆದ ಟ್ರೆಪೊನಿಮ ಕುಲಕ್ಕೇ ಈ ಪೋಷಕರೂ ಸೇರಿದ್ದರು!

ಎಲ್ಲ ಗೆದ್ದಲುಗಳಿಗೂ ಈ ಮಾತು ಅನ್ವಯಿಸದು. ಕರ್ನಾಟಕದ ಹೊಲಗಳಲ್ಲಿ ಹುತ್ತವನ್ನೆಬ್ಬಿಸುವ ಜಾತಿಗಳು ಗೂಡಿನೊಳಗೆ ಶಿಲೀಂಧ್ರದ ತೋಟ ಮಾಡುವಂಥವು. ಅವುಗಳ ಕರುಳಿನಲ್ಲಿ ಟ್ರೈಕೊನಿಂಫದಂತಹ ಜೀವಿಗಳಿಲ್ಲ. ಇಂತಹ ಶಿಲೀಂಧ್ರಕೃಷಿಯ ಗೆದ್ದಲುಗಳಲ್ಲಿ ಅಸಿಟಿಕ್ ಆಮ್ಲ ರಚಿಸುವ ಬ್ಯಾಕ್ಟೀರಿಯಗಳಿಗೆ ಆ ಮೇಲುಗೈ ಇಲ್ಲವೆಂದು 1992ರ ಒಂದು ತೌಲನಿಕ ಅಧ್ಯಯನ ತಿಳಿಸಿತು.

ಲೈಡಿಯವರು ನೋಡಿದರು, ಕ್ಲೀವ್‌ಲೆಂಡರು ತೆಗೆದು ನೋಡಿದರು, ಹಂಗೇಟರು ಅಳೆದರು, ಲೆಡ್‌ಬೆಟರ್ ಮೊದಲಾದವರು ಬೆಳೆಸಿದರು. ಲೈಡಿಯವರ ವರ್ಣನೆ ಇಂದಿಗೂ ನಿಲ್ಲುತ್ತದೆ. ಅವರಿತ್ತ ಹೆಸರು ನಿಲ್ಲಲಿಲ್ಲ. ಒಂದು ಜೀವಿ ಎಲ್ಲಿದೆಯೆಂಬುದನ್ನು ಕಣ್ಣು ಹೇಳಬಲ್ಲುದು. ಅಲ್ಲಿ ಅದರ ಕಾರ್ಯವೇನೆಂಬುದನ್ನು ಪ್ರಯೋಗವೇ ಹೇಳಬೇಕು.