ಸೂರ್ಯ ಮುಳುಗುವುದರೊಳಗೆ ಮೂರು ಹನುಮಪ್ಪ

ಬ್ಯಾಡಗಿ ತಾಲೂಕಿನ ಕದರಮಂಡಲಗಿಯಲ್ಲಿ ಕಾಂತೇಶ, ಹಿರೇಕೆರೂರು ತಾಲೂಕಿನ ಸಾತೇನಹಳ್ಳಿಯಲ್ಲಿ ಶಾಂತೇಶ, ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದಲ್ಲಿ ಭ್ರಾಂತೇಶ. ಹೆಸರು ಮೂರು, ದೇವರು ಒಬ್ಬನೇ ಹನುಮಂತ. ಹೊತ್ತು ಹುಟ್ಟಿದ ಮೇಲೆ ಮೊದಲನೆಯ ಗುಡಿಯಿಂದ ಹೊರಟು, ಹೊತ್ತು ಮುಳುಗುವುದರೊಳಗೆ ಮೂರೂ ಕಡೆ ದರ್ಶನ ಮುಗಿಸಿದವರಿಗೆ ಕಾಶಿಗೆ ಹೋಗಿಬಂದಷ್ಟು ಪುಣ್ಯ ಎಂಬುದು ಈ ಸೀಮೆಯ ಹಳೆಯ ನಂಬಿಕೆ. ಹಾನಗಲ್, ಹಿರೇಕೆರೂರು, ಸವಣೂರು, ಶಿಗ್ಗಾಂವಿ ಕಡೆಯ ಮನೆಗಳಲ್ಲಿ ಗಂಡುಮಕ್ಕಳಿಗೆ ಕಾಂತೇಶ, ಶಾಂತೇಶ ಎಂದು ಹೆಸರಿಡುವುದು ಈ ನಂಬಿಕೆಯಿಂದಲೇ.

ಮೂರೂ ಮೂರ್ತಿಗಳನ್ನು ಜನಮೇಜಯ ರಾಜ ಪ್ರತಿಷ್ಠಾಪಿಸಿದನೆಂದು ಸ್ಥಳಪುರಾಣ ಹೇಳುತ್ತದೆ. ಕದರಮಂಡಲಗಿಯ ಮೂರ್ತಿಯ ಕಣ್ಣಲ್ಲಿ ಸೂರ್ಯ ಸಾಲಿಗ್ರಾಮ, ಶಿಕಾರಿಪುರದ ಮೂರ್ತಿಯ ಮೂಗಿನಲ್ಲಿ ಸಾಲಿಗ್ರಾಮ ಇದೆಯೆಂದು ಭಕ್ತರು ಬಗ್ಗಿ ನೋಡುತ್ತಾರೆ. ಶಿಕಾರಿಪುರದವನನ್ನು ಊರವರು ಕರೆಯುವುದು ಹುಚ್ಚರಾಯಸ್ವಾಮಿ ಎಂದು; ಭ್ರಾಂತ ಎಂಬ ಸಂಸ್ಕೃತ ಮಾತಿಗೆ ಕನ್ನಡದ ನೇರ ಮಾತು ಅದು. ಅಲ್ಲಿನ ಕೆರೆಗೂ ಅದೇ ಹೆಸರು. ಕದರಮಂಡಲಗಿಯ ಗುಡಿಯೊಡನೆ ಕನಕದಾಸರ ಹೆಸರು ಸೇರಿಕೊಂಡಿದೆ. ಅವರು ಹುಟ್ಟಿದ ಬಾಡ ಶಿಗ್ಗಾಂವಿ ತಾಲೂಕಿನಲ್ಲಿದೆ, ಅವರ ಅಂಕಿತದ ಆದಿಕೇಶವ ಬ್ಯಾಡಗಿ ತಾಲೂಕಿನ ಕಾಗಿನೆಲೆಯಲ್ಲಿದ್ದಾನೆ.

ಈ ಆಚರಣೆಯ ವಿಶೇಷ ಅದರ ಗಡುವಿನಲ್ಲಿದೆ. ಯಾತ್ರೆ ಎಂದರೆ ಸಾಮಾನ್ಯವಾಗಿ ಹೊತ್ತಿನ ಲೆಕ್ಕ ಬಿಟ್ಟು ಹೋಗುವಂಥದ್ದು. ಉಳವಿಗೆ, ಸವದತ್ತಿಗೆ ಚಕ್ಕಡಿ ಕಟ್ಟಿಕೊಂಡು ಹೊರಟವರು ವಾರಗಟ್ಟಲೆ ದಾರಿಯಲ್ಲಿರುತ್ತಿದ್ದರು. ಇಲ್ಲಿ ಮಾತ್ರ ಸೂರ್ಯನೇ ಗಡಿಯಾರ. ಹಡಗಿನಲ್ಲಿ ವಿಹಾರಕ್ಕೆ ಹೋದವರು ಕೆರಿಬಿಯನ್ ದ್ವೀಪವೊಂದರಲ್ಲಿ ಬೆಳಿಗ್ಗೆ ಇಳಿದು, ಸಂಜೆ ಹಡಗು ಹೊರಡುವ ಮೊದಲು ಊರು ನೋಡಿ ಮರಳಲು ಲೆಕ್ಕ ಹಾಕುತ್ತಾರಲ್ಲ, ಅಂಥದೇ ಲೆಕ್ಕ ಇಲ್ಲಿನ ರೈತಾಪಿ ಜನ ಬಹಳ ಹಿಂದಿನಿಂದ ಹಾಕುತ್ತ ಬಂದಿದ್ದಾರೆ. ಒಂದು ವ್ಯತ್ಯಾಸವಿದೆ. ಹಡಗಿನವರು ಹೊರಟಲ್ಲಿಗೇ ಮರಳಬೇಕು. ಹನುಮಪ್ಪನ ಭಕ್ತರು ಮೂರನೆಯ ಗುಡಿಯ ಹೊಸ್ತಿಲು ಮುಟ್ಟಿದರೆ ಸಾಕು, ಆ ರಾತ್ರಿ ಅಲ್ಲಿಯೇ ವಸ್ತಿ ಮಾಡಬಹುದು.

ಲೆಕ್ಕ ಅಷ್ಟು ಸುಲಭದ್ದಲ್ಲ. ಈ ಅಕ್ಷಾಂಶದಲ್ಲಿ ಡಿಸೆಂಬರಿನ ಹಗಲು ಸುಮಾರು 11 ಗಂಟೆ 15 ನಿಮಿಷ, ಜೂನಿನ ಹಗಲು ಸುಮಾರು 13 ಗಂಟೆ. ಬೇಸಿಗೆಯ ಕೊನೆಗೆ ಹಗಲು ಉದ್ದವಾಗುವ ಹೊತ್ತಿಗೇ ಮಳೆ ಹಿಡಿಯುತ್ತದೆ. ಹಿರೇಕೆರೂರು, ಹಾನಗಲ್ ಕಡೆಯದು ಅರೆಮಲೆನಾಡು. ಹಳ್ಳ ತುಂಬಿದರೆ ಹಳೆಯ ದಾರಿಗಳು ಅಲ್ಲಿಗೇ ನಿಲ್ಲುತ್ತಿದ್ದವು. ದಾರಿ ಒಣಗಿ ಬಂಡಿ ಹೂಡಲು ಬರುವ ಕಾಲದಲ್ಲಿ ಹಗಲು ಗಿಡ್ಡ. ಮೊದಲನೆಯ ಗುಡಿಯಿಂದ ಮೂರನೆಯದಕ್ಕೆ 40 ಕಿಲೋಮೀಟರಿಗೂ ಮೀರಿದ ದಾರಿ. ಭಾರ ಹೊತ್ತ ಎತ್ತಿನ ಬಂಡಿ ಗಂಟೆಗೆ ಮೂರು, ಹೆಚ್ಚೆಂದರೆ ನಾಲ್ಕು ಕಿಲೋಮೀಟರ್ ಸಾಗುತ್ತದೆ. ನಡುವೆ ಎತ್ತಿಗೆ ನೀರು, ಮೇವು, ನೆರಳು ಬೇಕು. ಆದ್ದರಿಂದ ಬಂಡಿಯಲ್ಲಿ ಕುಳಿತವರಿಗೆ ಈ ಮೂರು ದರ್ಶನ ಒಂದು ದಿನದಲ್ಲಿ ದಕ್ಕುವ ಮಾತಲ್ಲ. ಕುದುರೆಯಿದ್ದವನಿಗೆ ದಕ್ಕುತ್ತದೆ, ಗಟ್ಟಿ ಕಾಲಿನ ನಡಿಗೆಯವನಿಗೂ ದಕ್ಕುತ್ತದೆ. ಹರಕೆ ಮೊದಲಿಗೆ ನಡೆಯುವವನ ಹರಕೆಯೇ ಆಗಿತ್ತೆಂದು ಇದರಿಂದ ಊಹಿಸಬಹುದು. ಕಾಶಿಗೆ ಹೋಗಲಾರದ ಬಡವ ತನ್ನ ಕಾಲಿನಿಂದಲೇ ಒಂದು ಹಗಲಿನಲ್ಲಿ ಗಳಿಸುವ ಪುಣ್ಯ ಅದು. ಕಾಶಿಯೊಡನೆ ತೂಗುವಷ್ಟು ಅದನ್ನು ದೊಡ್ಡದು ಮಾಡಿರುವುದೂ ಆ ಶ್ರಮವೇ.

ನಡೆದು ಹೋಗುವವರು ಹಿಂದಿನ ಸಂಜೆಯೇ ಕದರಮಂಡಲಗಿ ಸೇರಿ ಗುಡಿಯ ಅಂಗಳದಲ್ಲಿ ಮಲಗುವುದು, ನಸುಕಿನಲ್ಲಿ ಮೈತೊಳೆದು ಮೊದಲ ದರ್ಶನ ಮಾಡಿ ಹೆಜ್ಜೆ ಹಾಕುವುದು ಇದ್ದುದರಲ್ಲಿ ಜಾಣ ದಾರಿ. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಉಳ್ಳಾಗಡ್ಡಿ ಇದ್ದರೆ ಎರಡು ದಿನ ಕೆಡುವುದಿಲ್ಲ. ಅನ್ನದ ಗಂಟು ಮಧ್ಯಾಹ್ನಕ್ಕೇ ಹಳಸುತ್ತದೆ. ದಿನ ಶನಿವಾರವಾದರೆ ಒಳ್ಳೆಯದು, ಶ್ರಾವಣದ ಶನಿವಾರವಾದರೆ ಇನ್ನೂ ಒಳ್ಳೆಯದು. ಆದರೆ ಶ್ರಾವಣದಲ್ಲಿ ಮಳೆಯ ಭಯ. ಭಕ್ತಿ ಹೇಳುವ ದಿನವೂ ದಾರಿ ಬಿಡುವ ದಿನವೂ ಹೀಗೆ ಒಂದಕ್ಕೊಂದು ಕೂಡಿಬರುತ್ತಿರಲಿಲ್ಲ.

ದಾರಿಯಲ್ಲಿ ಇನ್ನೊಂದು ಗಡಿ ಇತ್ತು, ಈಗ ಅದು ನೆನಪಿನಿಂದಲೂ ಅಳಿಸುತ್ತಿದೆ. ಕದರಮಂಡಲಗಿ, ಸಾತೇನಹಳ್ಳಿ ಎರಡೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿಕಾರಿಪುರ ಮೈಸೂರು ಸಂಸ್ಥಾನದಲ್ಲಿತ್ತು. ಒಂದು ಹಗಲಿನಲ್ಲಿ ಭಕ್ತ ಬ್ರಿಟಿಷರ ಸೀಮೆಯಿಂದ ಒಡೆಯರ ಸೀಮೆಗೆ ಕಾಲಿಡುತ್ತಿದ್ದ. ದೇವರಿಗೆ ಆ ಗೆರೆ ಕಾಣಲಿಲ್ಲ, ಸಾರಿಗೆಗೆ ಕಂಡಿತು. ಗೆರೆಯ ಆಚೆಗೊಂದು ಆಡಳಿತ, ಈಚೆಗೊಂದು ಆಡಳಿತ. 1956ರ ನವೆಂಬರ್ 1ರಂದು ಎರಡೂ ಕಡೆಯ ಕನ್ನಡಿಗರು ಒಂದೇ ರಾಜ್ಯಕ್ಕೆ ಬಂದ ಮೇಲೆ ಈ ಮೂರು ಗುಡಿಗಳ ದಾರಿ ಒಂದೇ ಸರ್ಕಾರದ ಕೈಗೆ ಬಂತು. ಏಕೀಕರಣದ ಫಲಗಳನ್ನು ಎಣಿಸುವಾಗ ಇಂಥ ಸಣ್ಣ ದಾರಿಗಳನ್ನು ಯಾರೂ ಎಣಿಸುವುದಿಲ್ಲ, ಎಣಿಸಬೇಕು.

ಬಸ್ಸು ಬಂದ ಮೇಲೆ ಹರಕೆಯ ಸ್ವರೂಪವೇ ಬದಲಾಯಿತು. ಮುದುಕಿಯರು, ಬಾಣಂತಿಯರು, ಕೂಸುಗಳು ಸೇರಿ ಇಡೀ ಮನೆ ಹೊರಡುವಂತಾಯಿತು. ಊರಿನವರು ಒಟ್ಟಾಗಿ ಹಿಡಿದ ಬಸ್ಸಿನ ಮುಂದಿನ ಹಲಗೆಯ ಮೇಲೆ "ಪ್ರಾಸಂಗಿಕ ಕರಾರು" ಎಂಬ ಬರಹ ತೂಗುತ್ತದೆ. ಅಷ್ಟು ಜನ ಸೇರದಿದ್ದರೆ ಕ್ರೂಸರ್ ಗಾಡಿ. ಸಾಮಾನ್ಯ ಬಸ್ಸಿನಲ್ಲಿ ಹೋಗುವವರಿಗೆ ಬೇರೆಯೇ ಲೆಕ್ಕ: ಹಳ್ಳಿಯಿಂದ ಬೆಳಗಿನ ವಸ್ತಿ ಬಸ್ಸು ತಪ್ಪಿದರೆ ಆ ದಿನವೇ ತಪ್ಪಿದಂತೆ, ಮರಳುವ ಕಡೇ ಬಸ್ಸು ತಪ್ಪಿದರೆ ನಿಲ್ದಾಣದಲ್ಲೇ ರಾತ್ರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಾದ ಮೇಲೆ ಇಂಥ ಒಂದು ದಿನದ ದೇವರ ಪ್ರಯಾಣಕ್ಕೆ ಯಾರ ಅಪ್ಪಣೆಗೂ, ಯಾರ ದುಡ್ಡಿಗೂ ಕಾಯದೆ ಹೊರಡುವ ಗುಂಪುಗಳು ಹುಟ್ಟಿಕೊಂಡವು.

ಇಡೀ ಸೀಮೆಯಲ್ಲಿ ಒಂದು ಹಗಲಿಗೆ ಏನು ದಕ್ಕುತ್ತದೆ ಎಂಬುದನ್ನು ತೀರ್ಮಾನಿಸಿದ್ದು ರೈಲು. ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರಕ್ಕೆ ಹಳಿ ಹಾಕಿತು. ಆ ಹಳಿ ಯಲವಿಗಿ, ಕರ್ಜಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಹಿಡಿದು ಪೂರ್ವದ ಬಯಲಿನಲ್ಲಿ ಸಾಗಿತು. ಹತ್ತಿ, ಮೆಣಸಿನಕಾಯಿ ಇದ್ದ ಕಡೆ ಅದಕ್ಕೆ ಕೆಲಸವಿತ್ತು. ಪಶ್ಚಿಮದಲ್ಲಿದ್ದ ಹಾನಗಲ್, ಹಿರೇಕೆರೂರು, ಶಿಗ್ಗಾಂವಿ ಮೂರೂ ಹಳಿಯಿಂದ ದೂರ ಉಳಿದವು. ಕದಂಬರ ಒಂದು ಶಾಖೆ ರಾಜಧಾನಿ ಮಾಡಿಕೊಂಡು ಆಳಿದ ಹಾನಗಲ್ಲಿಗೆ ಸ್ಟೇಶನ್ ಇಲ್ಲ. ಸಂತೆಯೂರುಗಳಿಗೆ ಸ್ಟೇಶನ್ ಬಂತು.

ಸವಣೂರು ಮಾತ್ರ ಯಲವಿಗಿಯ ಕೃಪೆಯಿಂದ ಹಳಿಗೆ ಹತ್ತಿರವಾಯಿತು. 1680ರಲ್ಲಿ ಅಬ್ದುಲ್ ರವೂಫ್ ಖಾನ್ ಜಹಗೀರು ಪಡೆದಲ್ಲಿಂದ ಶುರುವಾದ ನವಾಬಿಕೆ ಇಲ್ಲಿ 1948ರವರೆಗೂ ನಡೆಯಿತು. ಅದೇ ಊರಿನಲ್ಲಿ ಉತ್ತರಾದಿ ಮಠದ ಸತ್ಯಬೋಧತೀರ್ಥರ ವೃಂದಾವನವಿದೆ. ಅವರು ತೀರಿಕೊಂಡದ್ದು 1783ರಲ್ಲಿ. ಆರಾಧನೆಗೆ ಬಂದವರು, ಎಲೆ ವ್ಯಾಪಾರಕ್ಕೆ ಬಂದವರು, ಖಾರ ಕಟ್ಟಿಸಿಕೊಳ್ಳಲು ಬಂದವರು, ಎಲ್ಲರೂ ಹೋಗುವ ಮುನ್ನ ನೋಡಿ ಹೋಗುವುದು ದೊಡ್ಡಹುಣಸೆ ಕಲ್ಮಠದ ಮೂರು ಮರಗಳನ್ನು.

ಜನರ ಬಾಯಲ್ಲಿ ಅದು ದೊಡ್ಡ ಹುಣಸೆ, ಕುಲದಲ್ಲಿ ಆಫ್ರಿಕದ ಬಾವೊಬಾಬ್. ಕಾಂಡ ಮರದ ಕಾಂಡದಂತಿಲ್ಲ. ಬೂದು ಬಣ್ಣದ, ಸುಕ್ಕುಗಟ್ಟಿದ ಆನೆಯ ಮೈಯಂತಿದೆ. ಮುಟ್ಟಿದರೆ ತಣ್ಣಗೆ, ನುಣ್ಣಗೆ. ಬೇಸಿಗೆಯಲ್ಲಿ ಎಲೆ ಉದುರಿದಾಗ ಕೊಂಬೆಗಳು ಬೇರಿನಂತೆ ಕಾಣುತ್ತವೆ, ಮರವನ್ನು ಬುಡಮೇಲು ನೆಟ್ಟ ಹಾಗೆ. ದೊಡ್ಡ ಬಿಳಿ ಹೂ ರಾತ್ರಿ ಅರಳುತ್ತದೆ. ಉದ್ದ ತೊಟ್ಟಿಗೆ ನೇತುಬಿದ್ದ ಕಾಯಿಯ ಮೇಲೆ ಮಖಮಲ್ಲಿನಂಥ ನವಿರು; ಒಡೆದರೆ ಒಳಗೆ ಹುಳಿ ಹಿಟ್ಟಿನಂಥ ತಿರುಳು. ಹುಣಸೆ ಎಂಬ ಹೆಸರು ಆ ಹುಳಿಯಿಂದ. ಕೃಷ್ಣ ತಂದದ್ದು ಎಂಬುದು ಊರಿನ ಕಥೆ. ಸಮುದ್ರ ದಾಟಿ ಬಂದದ್ದಂತೂ ನಿಜ. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಬುಡಸಮೇತ ಉರುಳಿತು. ಊರವರು ಅದನ್ನು ಕಡಿದು ಸೌದೆ ಮಾಡಲಿಲ್ಲ. ಎತ್ತಿ ಮತ್ತೆ ನೆಟ್ಟರು.

ಇದೇ ಮರ ಇನ್ನೊಂದು ದಿಕ್ಕಿಗೂ ಸಮುದ್ರ ದಾಟಿದೆ. ಬಾರ್ಬಡೋಸ್ ದ್ವೀಪದ ಬ್ರಿಜ್‌ಟೌನ್ ಪಟ್ಟಣದ ಕ್ವೀನ್ಸ್ ಪಾರ್ಕಿನಲ್ಲಿ ಇಂಥದೇ ಹೆಮ್ಮರವಿದೆ. 1738ರ ಸುಮಾರಿಗೆ ಆಫ್ರಿಕದ ಗಿನಿಯಿಂದ ತಂದದ್ದೆಂದು ಅಲ್ಲಿ ಹೇಳುತ್ತಾರೆ. ಅದು ಆಫ್ರಿಕದ ಮನುಷ್ಯರನ್ನು ಸರಪಳಿ ಹಾಕಿ ಅದೇ ದ್ವೀಪಕ್ಕೆ ಸಾಗಿಸುತ್ತಿದ್ದ ಕಾಲ. ವಿಹಾರದ ಹಡಗಿನಿಂದ ಒಂದು ದಿನಕ್ಕೆ ಇಳಿದವರು ಇಂದು ಆ ಮರದ ಕೆಳಗೂ ನಿಲ್ಲುತ್ತಾರೆ. ಸವಣೂರಿನ ಮಠದ ಅಂಗಳದಲ್ಲಿ ನಿಂತವರಿಗೆ ಈ ಸಂಬಂಧ ತಿಳಿದರೆ ಮರ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

ಹಳಿ ತಪ್ಪಿಸಿದ ಶಿಗ್ಗಾಂವಿಗೆ ಪುಣೆ–ಬೆಂಗಳೂರು ಹೆದ್ದಾರಿ ಒಲಿಯಿತು. ಬಂಕಾಪುರದ ಕೋಟೆ, ಅದರೊಳಗಿನ ಅರವತ್ತು ಕಂಬದ ನಗರೇಶ್ವರ ಗುಡಿ, ನವಿಲುಧಾಮ ಎಲ್ಲವೂ ಹೆದ್ದಾರಿಗೆ ಹತ್ತಿರ. ಶಿಶುನಾಳ ಷರೀಫರ (1819–1889) ಗದ್ದುಗೆ ಇರುವ ಶಿಶುವಿನಹಾಳವೂ ಇದೇ ತಾಲೂಕು. ಶಾಲೆಯ ಮಕ್ಕಳ ಒಂದು ದಿನದ ಪ್ರವಾಸಕ್ಕೆ ಇಲ್ಲಿ ಹೊಸ ಠಿಕಾಣಿ ಹುಟ್ಟಿದ್ದು ಗೊಟಗೋಡಿಯಲ್ಲಿ: ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್. ಸಿಮೆಂಟಿನ ಆಳೆತ್ತರದ ಮೂರ್ತಿಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕು ಅಲ್ಲಿ ನಿಂತಿದೆ. ಪಕ್ಕದಲ್ಲೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ.

ಹಾನಗಲ್ಲಿಗೆ ರೈಲೂ ಬರಲಿಲ್ಲ, ಆ ಹೆದ್ದಾರಿಯೂ ಬರಲಿಲ್ಲ. ಹಾಗಾಗಿ ಅದನ್ನು ನೋಡಿ ಬರೆದವರು ಒಂದು ಹಗಲಿನ ಅತಿಥಿಗಳಲ್ಲ, ಡೇರೆ ಹೊಡೆದು ಕುಳಿತವರು. 1824ರ ಕಿತ್ತೂರು ಯುದ್ಧದಲ್ಲಿ ಸೆರೆಸಿಕ್ಕು ಉಳಿದ ವಾಲ್ಟರ್ ಎಲಿಯಟ್ ಈ ಸೀಮೆಯ ಶಾಸನಗಳನ್ನು ನಕಲು ಮಾಡಿಸಿದ. ಜೆ. ಎಫ್. ಫ್ಲೀಟ್ ಅವುಗಳಿಂದ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದ. ಹೆನ್ರಿ ಕಸಿನ್ಸ್ 1926ರಲ್ಲಿ ಪ್ರಕಟಿಸಿದ ಚಾಲುಕ್ಯ ವಾಸ್ತುವಿನ ಗ್ರಂಥದಲ್ಲಿ ಹಾನಗಲ್ಲಿನ ತಾರಕೇಶ್ವರ ಗುಡಿ ವಿವರವಾಗಿ ಬಂತು. ಆ ಗುಡಿಯ ರಂಗಮಂಟಪದ ಮೇಲ್ಛಾವಣಿಯನ್ನು ಅವಸರದಲ್ಲಿ ನೋಡಲಾಗದು. ಎಂಟು ಮೂಲೆಯ ತೊಲೆಗಳ ಮೇಲೆ ಕಲ್ಲು ಸುತ್ತುಸುತ್ತಾಗಿ ಏರಿ, ಒಳಕ್ಕೆ ಕಿರಿದಾಗುತ್ತ ಹೋಗಿ, ನಡುವೆ ಕಮಲವಾಗಿ ಕೆಳಗೆ ಇಳಿಬಿದ್ದಿದೆ. ಕುತ್ತಿಗೆ ಎತ್ತಿ ನಿಂತವರು ಸ್ವಲ್ಪ ಹೊತ್ತಿನಲ್ಲಿ ನೆಲದ ಮೇಲೆ ಅಂಗಾತ ಮಲಗುತ್ತಾರೆ. ನೋಡುವ ಸರಿಯಾದ ಕ್ರಮವೂ ಅದೇ. ಇದೇ ಊರಿನ ವಿರಕ್ತಮಠದ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರ ಕಟ್ಟಿದರು. ಗಾನಯೋಗಿ ಪಂಚಾಕ್ಷರಿ ಗವಾಯಿಗಳು ಹುಟ್ಟಿದ ಕಾಡಶೆಟ್ಟಿಹಳ್ಳಿ ಈ ತಾಲೂಕಿನದು.

ಹಾನಗಲ್ಲಿನವರಿಗೆ ಮೂರು ಹನುಮಪ್ಪರ ದಿನ ಬೇರೆ ದಿಕ್ಕಿನಿಂದಲೂ ಶುರುವಾಗಬಹುದು. ಆನವಟ್ಟಿ, ಶಿರಾಳಕೊಪ್ಪದ ದಾರಿ ಹಿಡಿದರೆ ಮೊದಲು ಸಿಗುವುದು ಶಿಕಾರಿಪುರ. ಹಿರೇಕೆರೂರಿನವರಿಗೆ ಸಾತೇನಹಳ್ಳಿ ಮನೆಯಂಗಳದ್ದೇ. ಅವರು ಉತ್ತರಕ್ಕೊಮ್ಮೆ, ದಕ್ಷಿಣಕ್ಕೊಮ್ಮೆ ಓಡಬೇಕು. ದಕ್ಷಿಣಕ್ಕೆ ಹೋಗುವಾಗ ಮಾಸೂರಿನ ಬಳಿ ಕುಮುದ್ವತಿಗೆ ಕಟ್ಟಿದ ಮದಗದ ಕೆರೆಯನ್ನೂ ನೋಡುವ ಆಸೆ ಹುಟ್ಟಿದರೆ ಹಗಲು ಸಾಲದು. ಸವಣೂರು, ಶಿಗ್ಗಾಂವಿ ಕಡೆಯವರಿಗೆ ಕದರಮಂಡಲಗಿಯೇ ಮೊದಲು, ನಸುಕಿನಲ್ಲೇ ಹಾವೇರಿ ದಾಟಿರಬೇಕು.

ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೊಸ ರೈಲು ಮಾರ್ಗದ ಕೆಲಸ ಈಗ ನಡೆದಿದೆ. ಅದು ಮುಗಿದ ದಿನ ಭ್ರಾಂತೇಶನ ಊರಿಗೂ ಸ್ಟೇಶನ್ ಬರುತ್ತದೆ. ಸಾತೇನಹಳ್ಳಿಯ ಶಾಂತೇಶನ ಬಳಿಗೆ ಆಗಲೂ ಬಸ್ಸೇ ಹಿಡಿಯಬೇಕು.