ಡಾಕ್ಟ್ರ ಕಮಿಷನ್: ದಲ್ಲಾಳಿ, ರುಷುವತ್ತು, ಅಮಾನತು

ಇವತ್ತು ಮೂರು ಪದಗಳ ಕಥೆ: ದಲ್ಲಾಳಿ, ರುಷುವತ್ತು, ಅಮಾನತು. ಮೂರೂ ಅರಬ್ಬಿಯಲ್ಲಿ ಹುಟ್ಟಿ, ಫಾರ್ಸಿ, ಉರ್ದು ದಾಟಿ ಕನ್ನಡಕ್ಕೆ ಬಂದಿರೋವು. ಔಷಧ ಕಂಪನಿ, ಲ್ಯಾಬು, ಸ್ಕ್ಯಾನಿಂಗ್ ಸೆಂಟರ್‌ನಿಂದ ಡಾಕ್ಟ್ರು ಕಮಿಷನ್ ತಗೋಬಹುದಾ? ಇಸ್ಲಾಮಿನ ನೀತಿ ಕೊಡೋ ಉತ್ತರ ಈ ಮೂರು ಪದಗಳಲ್ಲೇ ಸಿಗುತ್ತೆ.

ಮೊದಲು ದಲ್ಲಾಳಿ. ಮೇಲೂರಿನ ರೈತ ರೇಷ್ಮೆಗೂಡು ತಗೊಂಡು ಶಿಡ್ಲಘಟ್ಟ ಮಾರುಕಟ್ಟೆಗೆ ಹೋಗ್ತಾನೆ. ಅಲ್ಲಿ ಗೂಡು ಕೊಳ್ಳೋ ರೀಲರ್‌ಗಳಲ್ಲಿ ಮುಸ್ಲಿಮರು ಬಹಳ ಮಂದಿ. ಎದುರಿಗೇ ಹರಾಜು, ಎದುರಿಗೇ ತೂಕ. ಗೂಡಿನ ವ್ಯಾಪಾರಕ್ಕೆ ಕಟ್ಟುಪಾಡು ತಂದಿದ್ದು 1959ರ ಕಾಯ್ದೆ. ಇಸ್ಲಾಂ ವ್ಯಾಪಾರದ ವಿರೋಧಿಯಲ್ಲ, ಪ್ರವಾದಿ ಮುಹಮ್ಮದರೇ ವ್ಯಾಪಾರ ಮಾಡಿದವರು. ದಲ್ಲಾಳಿಯ ಕೂಲಿಯನ್ನೂ ಅದರ ಧರ್ಮಶಾಸ್ತ್ರ ಒಪ್ಪುತ್ತೆ. ಆದ್ರೆ ಕೂಲಿ ಎಷ್ಟು, ಯಾರ ಪರವಾಗಿ ಅನ್ನೋದು ಮುಚ್ಚುಮರೆಯಿಲ್ಲದೆ ಗೊತ್ತಿರಬೇಕು.

ಡಾಕ್ಟ್ರ ಮುಂದೆ ಕೂತ ರೋಗಿಗೆ ಅದು ಗೊತ್ತಿರಲ್ಲ. ಫೀಸು ಕೊಟ್ಟಿದ್ದೀನಿ, ಇವರು ನನ್ನ ಪರ ಅಂದ್ಕೊಂಡಿರ್ತಾನೆ.

ಇಲ್ಲಿಗೆ ಎರಡನೇ ಪದ ಬರುತ್ತೆ, ರುಷುವತ್ತು. ಅಂದ್ರೆ ಲಂಚ. 7ನೇ ಶತಮಾನದ ಅರೇಬಿಯಾ. ಪ್ರವಾದಿಯವರು ಇಬ್ನ್ ಅಲ್-ಲುತ್ಬಿಯ್ಯಾ ಅನ್ನೋರನ್ನ ಝಕಾತ್ ವಸೂಲಿಗೆ ಕಳಿಸ್ತಾರೆ. ವಾಪಸ್ ಬಂದವರು ಗಂಟನ್ನ ಎರಡು ಪಾಲು ಮಾಡಿ, ಒಂದು ನಿಮ್ಮದು, ಇನ್ನೊಂದು ಜನ ನನಗೆ ಕೊಟ್ಟ ಉಡುಗೊರೆ ಅಂತಾರೆ. ಪ್ರವಾದಿಯವರಿಗೆ ಸಿಟ್ಟು ಬರುತ್ತೆ. ಹಾಗಾದ್ರೆ ಅಪ್ಪ ಅಮ್ಮನ ಮನೇಲಿ ಸುಮ್ನೆ ಕೂತಿದ್ದಿದ್ರೆ ಈ ಉಡುಗೊರೆ ಬರ್ತಿತ್ತಾ ಅಂತ ಕೇಳ್ತಾರೆ. ಬುಖಾರಿಯವರ ಹದೀಸ್ ಸಂಗ್ರಹದಲ್ಲಿ ಈ ಪ್ರಸಂಗ ಇದೆ.

ಇದನ್ನೇ ಡಾಕ್ಟ್ರಿಗೆ ಅನ್ವಯಿಸಿ ನೋಡಿ. ಕೈಯಲ್ಲಿ ಚೀಟಿ ಬರೆಯೋ ಅಧಿಕಾರ ಇಲ್ಲದೇ ಇದ್ದಿದ್ರೆ ಫಾರಿನ್ ಟೂರ್ ಸಿಗ್ತಿತ್ತಾ?

ಮೂರನೇದು ಅಮಾನತು. ಈಗ ಪೇಪರ್‌ನಲ್ಲಿ ಅಧಿಕಾರಿ ಅಮಾನತು ಅಂತ ಓದ್ತೀವಲ್ಲ, ಅದೇ ಪದ. ಮೂಲ ಅರ್ಥ, ನಂಬಿ ಒಪ್ಪಿಸಿದ ವಸ್ತು. ರೋಗಿಯ ದೇಹ ಡಾಕ್ಟ್ರ ಕೈಲಿರೋ ಅಮಾನತು. ಬರೀ ನಂಬಿಕೆ ಸಾಲಲ್ಲ, ಲೆಕ್ಕನೂ ಬೇಕು ಅಂತ ಆಗಲೇ ಅರ್ಥವಾಗಿತ್ತು. 12ನೇ ಶತಮಾನದ ಸಿರಿಯಾದಲ್ಲಿ ಅಲ್-ಶೈಝರಿ ಮಾರುಕಟ್ಟೆ ತಪಾಸಣಾಧಿಕಾರಿಗಳಿಗಾಗಿ ಒಂದು ಕೈಪಿಡಿ ಬರೆದ್ರು. ಅದರ ಪ್ರಕಾರ ವೈದ್ಯ ತಾನು ಬರೆದ ಚೀಟಿಯನ್ನ ರೋಗಿಯ ಮನೆಯವರಿಗೆ ಕೊಡಬೇಕು. ರೋಗಿ ಸತ್ತರೆ ಮುಖ್ಯ ವೈದ್ಯ ಆ ಚೀಟಿಗಳನ್ನ ಪರಿಶೀಲಿಸಬೇಕು.

ನಮ್ಮ ಕಾಲಕ್ಕೆ ಬರೋಣ. 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮ, ರೋಗಿಯನ್ನ ಕಳಿಸಿದ್ದಕ್ಕೆ ಕಮಿಷನ್ ತಗೋಬಾರದು ಅನ್ನುತ್ತೆ. 2009ರಲ್ಲಿ ಔಷಧ ಕಂಪನಿಗಳ ಉಡುಗೊರೆ, ಪ್ರವಾಸವನ್ನೂ ನಿಷೇಧಿಸಿದ್ರು. ಆದ್ರೂ 2017ರ ನವೆಂಬರ್‌ನಲ್ಲಿ ಬೆಂಗಳೂರಿನ ಲ್ಯಾಬುಗಳು, ಐವಿಎಫ್ ಕ್ಲಿನಿಕ್‌ಗಳ ಮೇಲೆ ದಾಳಿ ಮಾಡಿದ ಆದಾಯ ತೆರಿಗೆ ಇಲಾಖೆ ಹೇಳಿದ್ದೇನು ಗೊತ್ತಾ? ಎಂಆರ್‌ಐಗೆ ಶೇ 35, ಸಿಟಿ ಸ್ಕ್ಯಾನ್ ಮತ್ತು ಲ್ಯಾಬ್ ಟೆಸ್ಟ್‌ಗೆ ಶೇ 20 ಡಾಕ್ಟ್ರ ಪಾಲು ಅಂತ.

ನಾನು ಬಿಕಾಂ ಓದಿದ್ದು. ಅಕೌಂಟ್ಸ್ ಬುಕ್ಕಲ್ಲಿ ಇಂಥ ದುಡ್ಡಿಗೆ ಮಾರಾಟ ಪ್ರಚಾರದ ಖರ್ಚು ಅಂತ ಚೆಂದದ ಹೆಸರು ಕೊಡಬಹುದು. ಆದ್ರೆ ಡಾಕ್ಟ್ರಿಗೆ ಕೊಟ್ಟ ಉಡುಗೊರೆಯನ್ನ ವ್ಯಾಪಾರದ ಖರ್ಚು ಅಂತ ತೋರಿಸಿ ಕಂಪನಿಗಳು ತೆರಿಗೆ ಉಳಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಆ ಖರ್ಚು ಕೊನೆಗೆ ಔಷಧದ ಬೆಲೆಗೆ ಸೇರಿ ರೋಗಿಯ ತಲೆ ಮೇಲೇ ಬೀಳುತ್ತೆ ಅನ್ನೋದನ್ನೂ ಕೋರ್ಟ್ ಗುರುತಿಸ್ತು.

ಎಲ್ಲ ಡಾಕ್ಟ್ರೂ ಹೀಗೆ ಅಂತ ನಾನು ಹೇಳ್ತಿಲ್ಲ. ಆದ್ರೆ ಗೂಡಿನ ಬೆಲೆ ಎದುರಿಗೇ ಗೊತ್ತಾಗೋ ನಮ್ಮೂರಿನಲ್ಲಿ, ಚೀಟಿಯ ಹಿಂದಿನ ಬೆಲೆ ಯಾಕೆ ಗುಟ್ಟಾಗಿರಬೇಕು? ಮುಂದಿನ ಸಲ ಇದೇ ಲ್ಯಾಬಿಗೇ ಹೋಗಿ ಅಂದ್ರೆ, ಮರ್ಯಾದೆಯಿಂದಲೇ ಒಂದು ಮಾತು ಕೇಳಿ: "ಬೇರೆ ಕಡೆ ಮಾಡಿಸಿದ್ರೆ ಆಗುತ್ತಾ ಡಾಕ್ಟ್ರೇ?"